ಅಂಜಲ್ ಮೀನಿನ ತೂಕ

ಹೆಲನಳನ್ನು ಕಜೆಟನ್‌ಗೆ ಮದುವೆ ಮಾಡಿ ಕೊಡಲು ಅವಳ ಅಪ್ಪ ಆಂಬ್ರೋಸ್ ಒಪ್ಪಲಿಲ್ಲ. ಒಪ್ಪದಿದ್ದರೆ ಹೋಗಲಿ, ಕಜೆಟನ್‌ನನ್ನು ಅಂಗಳದಲ್ಲೇ ನಿಲ್ಲಿಸಿ, "ಯುದ್ಧದಲ್ಲಿ ನೀನು ಬಾಂಬು ಹುಡುಕಿದ್ದು ಸರಿ ಮಾರಾಯ. ಈಗ ನನ್ನ ಗೋದಾಮು ಕಾಯುವವ ಅಲ್ಲವಾ? ಮಗಳಿಗೆ ಬೊಂಬಾಯಿಯ ಸಂಬಂಧ ಬಂದುಂಟು" ಎಂದ. ಹೆಲನ್ ಮಾತ್ರ, "ಕ್ರಿಸ್ಮಸ್‌ವರೆಗೆ ಹೇಗಾದರೂ ತಡೀತೇನೆ" ಎಂದಿದ್ದಳು. ಅಷ್ಟರೊಳಗೆ ಕೈಯಲ್ಲಿ ನಾಲ್ಕು ಕಾಸು ಕಾಣದಿದ್ದರೆ ಅವಳು ಬೊಂಬಾಯಿ ಸೇರುವುದು ಖಂಡಿತ.

ಆದರೆ ಗೋದಾಮು ಕಾಯುವವನಿಗೂ ಕಿವಿ ಇರುತ್ತದೆ. ಹಡಗಿನಲ್ಲಿ ಕದ್ದು ಬಂದ ಚಿನ್ನದ ಬಿಸ್ಕತ್ತುಗಳನ್ನು ಆಂಬ್ರೋಸ್ ನದಿಯಾಚೆ ಬೆಂಗ್ರೆಯಲ್ಲಿರುವ ತನ್ನ ತೆಂಗಿನ ತೋಟದಲ್ಲಿ ಹೂಳುತ್ತಾನೆಂದು ಕಜೆಟನ್‌ಗೆ ಗೊತ್ತಾಗಿತ್ತು. ಯಾವ ಮರದ ಬುಡ ಎಂಬುದಷ್ಟೇ ಗೊತ್ತಿರಲಿಲ್ಲ. ಕಳ್ಳನ ಗಂಟು ಕದ್ದರೆ ದೂರು ಕೊಡುವವರು ಯಾರು? ಮಾವನ ಚಿನ್ನದಿಂದಲೇ ಮಾವನಿಗೆ ತಕ್ಕ ಅಳಿಯನಾಗುವ ಉಪಾಯ ನೆನೆದು ಕಜೆಟನ್ ಒಬ್ಬನೇ ನಕ್ಕ.

ಸೈನ್ಯದವರು ಹರಾಜು ಹಾಕಿದ ಹಳೆಯ ಸಾಮಾನಿನಲ್ಲಿ, ನೆಲದಡಿಯ ಬಾಂಬು ಹುಡುಕುವ ಯಂತ್ರವೊಂದು ಅವನಿಗೆ ಅಗ್ಗಕ್ಕೆ ಸಿಕ್ಕಿತು. ಕದ್ರಿ ಗುಡ್ಡದ, ಕಬ್ಬಿಣದ ಅಂಶವಿರುವ ಮುರಕಲ್ಲಿನ ಮೇಲೆ ಹಿಡಿದರೆ ಅದು ಹುಚ್ಚು ಹಿಡಿದಂತೆ ಅರಚುತ್ತಿತ್ತು. ಬೆಂಗ್ರೆಯ ಮರಳಿನಲ್ಲಿ ಸಾಧು. ಹಾಡಹಗಲೇ ಹೋಗಬೇಕು, ಎಲ್ಲರೂ ನೋಡಬೇಕು, ಯಾರಿಗೂ ಸಂಶಯ ಬರಬಾರದು. ಮೊದಲ ದಿನ, ಮೀನುಗಾರ ಮುದ್ದುವಿನ, ಮರಳಿನಲ್ಲಿ ಹೂತುಹೋಗಿದ್ದ ಲಂಗರನ್ನು ಹುಡುಕಿಕೊಟ್ಟ. ಇಡೀ ಬೆಂಗ್ರೆ ಸರದಿಯಲ್ಲಿ ನಿಂತು ಯಂತ್ರದ ಹೆಡ್‌ಫೋನನ್ನು ಕಿವಿಗಿಟ್ಟು ನೋಡಿತು. ಎರಡನೆಯ ದಿನ ಅವನತ್ತ ತಲೆಯೆತ್ತಿ ನೋಡಿದವರಿಲ್ಲ.

ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಮೇಣದಬತ್ತಿಯ ಹರಕೆ ಹೊತ್ತು ಅವನು ತೋಟಕ್ಕೆ ನುಗ್ಗಿದ. ಏಳನೆಯ ಮರದ ಬುಡದಲ್ಲಿ ಯಂತ್ರ ಕೂಗಿತು. ತಗಡಿನ ಡಬ್ಬಿ, ಒಳಗೆ ಎಂಟು ಬಿಸ್ಕತ್ತು. ಡಬ್ಬಿಗೆ ಮರಳು ತುಂಬಿ ಮತ್ತೆ ಹೂತ. ಆಂಬ್ರೋಸ್ ಅದನ್ನು ತೆರೆಯುವ ಗಳಿಗೆಯನ್ನು ನೆನೆದು ಅವನಿಗೆ ಎಲ್ಲಿಲ್ಲದ ಸಂತೋಷವಾಯಿತು.

ಮಂಗಳೂರಿನ ದಡದಲ್ಲಿ ದೋಣಿ ಇಳಿಯುವಲ್ಲಿ ಕಸ್ಟಮ್ಸ್ ಜವಾನ ನೋಣಯ್ಯ ಪ್ರತಿಯೊಂದು ಚೀಲವನ್ನೂ ಕೆದಕುತ್ತಾನೆ. ಮೀನನ್ನು ಮುಟ್ಟುವುದಿಲ್ಲ, ಆಫೀಸಿನ ಕಾಗದಕ್ಕೆ ವಾಸನೆ ಹತ್ತುತ್ತದಂತೆ. ಅದಕ್ಕೇ ಕಜೆಟನ್ ಬೆಳಿಗ್ಗೆಯೇ ಐದು ರೂಪಾಯಿಗೆ ಒಂದು ಅಂಜಲ್ ಮೀನು ಕೊಂಡಿದ್ದ. ಕರುಳು ತೆಗೆದು, ಬಿಸ್ಕತ್ತು ತುರುಕಿ, ಹೊಟ್ಟೆಯನ್ನು ನಾಜೂಕಾಗಿ ಹೊಲಿದ. ಯಂತ್ರ ತನ್ನ ಒಡೆಯನನ್ನೇ ಹಿಡಿದುಕೊಡಬಾರದೆಂದು ಅದರ ಬ್ಯಾಟರಿಯನ್ನೂ ನದಿಗೆ ಎಸೆದ.

ಅವನು ಎಣಿಸಿದ ಹಾಗೆಯೇ ನಡೆಯಿತು. ನೋಣಯ್ಯ ಚೀಲ ಕೆದಕಿದ, ಕೈಯಲ್ಲಿದ್ದ ಮೀನನ್ನು ಮುಟ್ಟಲಿಲ್ಲ, ಯಂತ್ರದ ಹೆಡ್‌ಫೋನು ಕಿವಿಗಿಟ್ಟ.

"ಎಂತದೂ ಕೇಳುವುದಿಲ್ಲವಲ್ಲ?"

"ಬ್ಯಾಟರಿ ಮುಗಿದುಂಟು."

"ಸರಿ, ಹೋಗಿ."

ಕಜೆಟನ್ ಎರಡು ಹೆಜ್ಜೆ ಇಟ್ಟ. ಮನಸ್ಸು ಆಗಲೇ ಹೆಲನಳ ಮನೆಯ ಮೆಟ್ಟಿಲು ಹತ್ತಿತ್ತು.

"ಪೊರ್ಬುಗಳೇ, ಅಂಜಲಿಗೆ ಎಷ್ಟು ಕೊಟ್ರಿ?" ಹಿಂದೆಯೇ ಬುಟ್ಟಿ ಹೊತ್ತು ಇಳಿದ ಮೀನು ಮಾರುವ ಕುಶಲಾ, ಕ್ರೈಸ್ತ ಗಂಡಸರನ್ನು ಊರವರು ಮರ್ಯಾದೆಯಿಂದ ಕರೆಯುವ ಹಾಗೆ ಕರೆದು, ಕೇಳಿದಳು. ಕೊಟ್ಟ ಬೆಲೆಯನ್ನು ಕೊಟ್ಟಷ್ಟೇ ಹೇಳುವ ಗಂಡಸು ಮಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಕಜೆಟನ್ ಎದೆಯುಬ್ಬಿಸಿ "ಮೂರು" ಎಂದ. "ಮೂರಾ? ಇದಕ್ಕಾ? ಕೊಡಿ ಇಲ್ಲಿ!" ಅವನು ಕೈ ಹಿಂದೆಗೆಯುವ ಮೊದಲೇ ಅವಳು ಮೀನನ್ನು ಬಾಲ ಹಿಡಿದು ಎತ್ತಿದಳು. ಮೂವತ್ತು ವರ್ಷ ತಕ್ಕಡಿ ಇಲ್ಲದೆ ಮೀನು ಮಾರಿದ ಕೈ ಅದು. ಅವಳ ಮುಖದಲ್ಲಿ ಅವನ ಮೇಲೆ ನಿಜವಾದ ಕನಿಕರ ಮೂಡಿತು. "ಅಯ್ಯೋ ದೇವರೇ, ನಾಲ್ಕು ರಾತಲಿನ ಮೀನು ಆರು ರಾತಲು ತೂಗ್ತದೆ! ಹೊಟ್ಟೆಗೆ ಕಲ್ಲು ತುಂಬಿಸಿ ನಿಮಗೆ ಮೋಸ ಮಾಡಿದ್ದಾರೆ ಪೊರ್ಬುಗಳೇ. ನೋಣಯ್ಯಣ್ಣಾ, ನೀವೇ ಸಾಕ್ಷಿ, ಬನ್ನಿ ಇಲ್ಲಿ," ಎನ್ನುತ್ತ ಕುಶಲಾ ಸೊಂಟದಿಂದ ಕತ್ತಿ ತೆಗೆದು, ಅವನಿಗೆ ನ್ಯಾಯ ಸಿಗಲೆಂದೇ, ಹೊಲಿಗೆಯನ್ನು ಉದ್ದಕ್ಕೆ ಸೀಳಿದಳು.