ನೀಲಿ ಬಟ್ಟೆಯ ಚೂರು

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಬಟ್ಟೆ ಹೊಲಿಯುತ್ತಿದ್ದ ನಮ್ಮಕ್ಕ ತನ್ನ ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ನೀಲಿ ಬಟ್ಟೆಯ ಚೂರೊಂದನ್ನು ಅಂಟಿಸಿಕೊಂಡಿದ್ದಳು. "ಯಾರು ಇಣುಕ್ತಾರೋ ಏನೋ, ನಮ್ಮ ಹುಷಾರಲ್ಲಿ ನಾವಿರ್ಬೇಕು ಕಣೇ," ಅನ್ನುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡು ಮೊಬೈಲು ನನ್ನ ಪಾಲಿಗೆ ಬಂದಾಗ, ಆ ಚೂರನ್ನು ಅವತ್ತೇ ಕಿತ್ತು ಕಸಕ್ಕೆ ಎಸೆದೆ.

ಆಮೇಲೆ ಪರದೆ ಒರೆಸಿದಾಗಲೆಲ್ಲ ಬೆರಳಿಗೆ ನೀಲಿ ನೂಲಿನ ಎಳೆಯೊಂದು ಹತ್ತುತ್ತಿತ್ತು. ಕಿವಿಗಿಟ್ಟರೆ ಬಿಸಿ ಇಸ್ತ್ರಿಯ ವಾಸನೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೊನ್ನೆ ಚಾರ್ಜ್ ನಿಲ್ಲುತ್ತಿಲ್ಲವೆಂದು ರಿಪೇರಿಯವನಿಗೆ ತೋರಿಸಿದೆ. "ಮೇಡಂ, ಇದರಲ್ಲಿ ಕದ್ದು ಫೋಟೊ ತೆಗೆಯೋ ಆ್ಯಪ್ ಸೇರ್ಕೊಂಡಿದೆ. ಮೂರು ತಿಂಗಳಿಂದ ಯಾರೋ ನಿಮ್ಮನ್ನ ನೋಡ್ತಿದ್ದಾರೆ," ಎಂದ. ಮಲಗುವ ಕೋಣೆಗೂ ಬಚ್ಚಲಿಗೂ ಅದನ್ನು ಒಯ್ದವಳು ನಾನು.

"ನೀವೇ ನೋಡಿ," ಎಂದು ಪರದೆಯನ್ನು ನನ್ನತ್ತ ತಿರುಗಿಸಿದ. ಒಂದು ಫೋಟೊದಲ್ಲೂ ನಾನಿರಲಿಲ್ಲ. ಎಲ್ಲದರಲ್ಲೂ ಬರೀ ನೀಲಿ ಬಟ್ಟೆ. ಹೋದ ಜೀವ ಬಂದಂತಾಯಿತು.

"ಬಟ್ಟೆ ಅಂಟಿಸಿದ್ದು ಒಳ್ಳೇದಾಯ್ತು ಬಿಡಿ," ಎಂದು ಅವನು ಆ್ಯಪನ್ನು ಅಳಿಸಿದ. ನಾನು ಹೂಂ ಅಂದೆ.

ಮೊದಲ ಫೋಟೊಗಳಲ್ಲಿ ಬಟ್ಟೆ ನಡುವೆ ಸವೆದು ಬೆಳಕು ತೂರುತ್ತಿತ್ತು. ಆಮೇಲಿನವುಗಳಲ್ಲಿ ಅದೇ ಜಾಗಕ್ಕೆ ತೇಪೆ ಬಿದ್ದಿತ್ತು, ಅಕ್ಕನ ಕೈಯ ಒತ್ತೊತ್ತು ಹೊಲಿಗೆ.