ತಿಪ್ಪೆ ಓಣಿಯ ಹಳೇ ಹೆಸರು

"ಆ ಹೆಸರು ನಾ ಬರೆಯಲ್ರೀ ಮೇಡಂ," ಎಂದ ಬೋರ್ಡು ಬರೆಯುವ ಮುತ್ತುರಾಜ್. ಬ್ರಷ್ಷನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಅದ್ದಿ, ಒರೆಸಿ, ಪಕ್ಕಕ್ಕೆ ಇಟ್ಟೇಬಿಟ್ಟ. "ತಿಪ್ಪೆ ಓಣಿ ಅಂತ ಬರಿ ಅನ್ರಿ, ಬರೀತೀನಿ. ಹಳೇದು ಬ್ಯಾಡ. ಅದು ಇನ್ನೂ ಹುಡುಕ್ತಾ ಐತೆ."

"ಓಹೋ, ನಿಮ್ಮ ಮೊಳಕಾಲ್ಮೂರಿನ ದೆವ್ವಕ್ಕೂ ವಿಳಾಸ ಬೇಕಾ?" ಎಂದು ರಶ್ಮಿತಾ ನಕ್ಕಳು.

"ಬೇಕ್ರಿ," ಎಂದ ಮುತ್ತುರಾಜ್. ಅವನ ಮುಖದಲ್ಲಿ ನಗು ಇರಲಿಲ್ಲ.

ರಶ್ಮಿತಾ ಮೈಸೂರಿನವಳು. ಬೀದಿಗಳ ಹಳೇ ಹೆಸರು ಹುಡುಕಿ ಬೋರ್ಡು ಹಾಕಿಸುವ ಕೆಲಸ ಹಿಡಿದು ಈ ಸೀಮೆಗೆ ಬಂದಿದ್ದಳು. ಗಂಡನಿಂದ ಬೇರೆಯಾದ ಮೇಲೆ ಅವಳಿಗೆ ಈ ಲೋಕದಲ್ಲಿ ಉಳಿದದ್ದು ನಾಲ್ಕು ವರ್ಷದ ಮಗಳು ಸೌಂದರ್ಯ ಒಬ್ಬಳೇ. ಚಿತ್ರದುರ್ಗದ ದಾಖಲೆ ಕೋಣೆಯಲ್ಲಿ ಧೂಳು ಕುಡಿದು, ಮುಟ್ಟಿದರೆ ಉದುರುವ ಸರ್ವೆ ನಕ್ಷೆಗಳ ಫೋಟೋ ತೆಗೆದು, ಲ್ಯಾಪ್‌ಟಾಪಿನಲ್ಲಿ ಇವತ್ತಿನ ನಕ್ಷೆಯ ಮೇಲೆ ಹಾಸಿ ನೋಡುವುದು ಅವಳ ದಾರಿ. ಬಾವಿಗೆ ಬಾವಿ, ಗುಡಿಗೆ ಗುಡಿ ಕೂಡಿದರೆ ಹೆಸರು ತಾನಾಗಿ ಸಿಕ್ಕುತ್ತಿತ್ತು. ಚಳ್ಳಕೆರೆಯಲ್ಲಿ ಗಾಣದವರ ಬೀದಿ ಸಿಕ್ಕಾಗ ಅಲ್ಲಿಯ ಮುದುಕರು ಕರೆದು ಕಾಫಿ ಕೊಟ್ಟಿದ್ದರು. ಮೊಳಕಾಲ್ಮೂರಿನ ತಿಪ್ಪೆ ಓಣಿಯ ಹಳೇ ಹೆಸರು ಸಿಕ್ಕಾಗ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ.

ಆ ಹೆಸರೇನು ಅಂತ ನನ್ನನ್ನು ಕೇಳಬೇಡಿ. ಬರೆಯುವಷ್ಟು ಕೊಬ್ಬು ನನಗಿಲ್ಲ. ಚೆಂದದ ಹೆಸರು, ಹೂವಿನದು, ಅಷ್ಟು ಸಾಕು.

ಅವಳು ಬಾಡಿಗೆಗಿದ್ದದ್ದೂ ಅದೇ ಓಣಿಯಲ್ಲಿ, ಯರ್ರಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಯರ್ರಮ್ಮ ಮಗ್ಗದ ಮನೆಯ ಮುದುಕಿ, ಮಕ್ಕಳಿಲ್ಲದವಳು. ಸಂಜೆ ದೀಪ ಹಚ್ಚುವಾಗ ಆಕೆ ರಶ್ಮಿತಾಳನ್ನು ಕೂರಿಸಿಕೊಂಡು ಕತೆ ಹೇಳಿದಳು. ಹಿಂದೆ ಈ ಓಣಿಯವರು ನೂಲಿಗೆ ಬಣ್ಣ ಹಾಕುವ ಒಬ್ಬ ಹೆಂಗಸಿನ ಮೇಲೆ ರೇಷ್ಮೆ ಕದ್ದಳೆಂದು ಸುಳ್ಳು ಹೊರಿಸಿ, ಎಳೆಗೂಸಿನ ಸಮೇತ ಊರ ಹೊರಗೆ ನಿಲ್ಲಿಸಿದ್ದರಂತೆ. ಬಿಸಿಲಿಗೆ ಕೂಸು ಸತ್ತಿತು. ಅವಳು ಸೀದಾ ಆಂಧ್ರದ ಕಡೆಯ ಮಂತ್ರವಾದಿಯ ಹತ್ತಿರ ಹೋಗಿ ಬೀದಿಯ ಹೆಸರು ಹೇಳಿ ಮಾಟ ಮಾಡಿಸಿ, ಅವನ ಹೋಮದ ಬೆಂಕಿಗೆ ತಾನೇ ಬಿದ್ದಳು. ಆಮೇಲೆ ಒಂದೊಂದು ಅಮಾವಾಸ್ಯೆಗೂ ಓಣಿಯಲ್ಲಿ ಒಂದು ತೊಟ್ಟಿಲು ಬರಿದಾಯಿತು.

ಹುಟ್ಟಿದ ಮಕ್ಕಳು ದಕ್ಕದಿದ್ದರೆ ತಾಯಂದಿರು ಏನು ಮಾಡುತ್ತಾರೆ, ನಿಮಗೂ ಗೊತ್ತಲ್ಲ. ಕೂಸನ್ನು ತಿಪ್ಪೆಯಲ್ಲಿ ಹೊರಳಿಸಿ, ಒಂದು ಮೊರ ತೌಡಿಗೆ ಬೇರೆಯವರಿಗೆ ಮಾರಿ, ತಿಪ್ಪಣ್ಣ, ತಿಪ್ಪವ್ವ ಅಂತ ಕರೆಯುತ್ತಾರೆ. ಇದು ಕಸ, ಇದನ್ನೇನು ಒಯ್ಯುವುದು ಅಂತ ಸಾವು ಮುಂದಕ್ಕೆ ಹೋಗಲಿ ಅಂತ. ಆ ಓಣಿಯವರು ಇಡೀ ಬೀದಿಗೇ ಹಾಗೆ ಮಾಡಿದರು. ಓಣಿಯ ಬಾಯಿಗೆ ತಿಪ್ಪೆ ಸುರಿದರು, ಹೆಸರು ಬದಲಿಸಿದರು, ಹಳೆಯದನ್ನು ನುಂಗಿಕೊಂಡರು. ಅಂದಿನಿಂದ ಆ ಹೆಸರು ಹಿಡಿದು ಬಂದ ದೆವ್ವ ದಾರಿ ತಪ್ಪಿ ಅಲೆಯುತ್ತಲೇ ಇದೆ.

"ವದ್ದಮ್ಮಾ," ಎಂದು ಯರ್ರಮ್ಮ ತನ್ನ ತೆಲುಗಿನಲ್ಲೇ ಬೇಡಿ ಅವಳ ಕೈ ಹಿಡಿದಳು. "ನಿಂಗೂ ಕೂಸೈತೆ. ಬ್ಯಾಡ."

ರಶ್ಮಿತಾ ಆ ಕತೆಯನ್ನು ಖುಷಿಯಿಂದ ರೆಕಾರ್ಡ್ ಮಾಡಿಕೊಂಡಳು. ವರದಿಗೆ ಒಳ್ಳೇ ಸರಕು ಸಿಕ್ಕಿತು ಅನ್ನಿಸಿತ್ತು ಅವಳಿಗೆ. ಮಾರನೇ ದಿನ ಬೋರ್ಡು ತಾನೇ ಬರೆದಳು. ಬರೆಯುತ್ತಾ ಮಗಳಿಗೂ ಆ ಹೆಸರನ್ನು ಹಾಡಿನಂತೆ ಕಲಿಸಿದಳು. ಅಮಾವಾಸ್ಯೆ ಬೆಳಿಗ್ಗೆ ಓಣಿಯ ಬಾಯಲ್ಲಿ ಬೋರ್ಡನ್ನು ಕಂಬಕ್ಕೆ ಬಿಗಿದಾಗ ಮನೆಮನೆಯ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು. ಅವಳಿಗೆ ಸಿಟ್ಟೇ ಬಂತು. ಓದಿದವರು ಹೇಳಿದರೆ ಈ ಜನದ ತಲೆಗೆ ಹೋಗುವುದಿಲ್ಲ ಅಂದುಕೊಂಡಳು.

ಮಟಮಟ ಮಧ್ಯಾಹ್ನ. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ದಿನವಿಡೀ ಕಿವಿಗೆ ಅಂಟಿಕೊಂಡಿದ್ದ ಲಟಕ್ ಲಟಕ್ ಇಲ್ಲವಾದಾಗ ರಶ್ಮಿತಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಎಲ್ಲಿಂದಲೋ ನಾತ ಬರುತ್ತಿತ್ತು. ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟಂತೆ ನಾರುತ್ತದಲ್ಲ, ಅದು. ಹೊರಗೆ ಜಗಲಿಯ ಮೇಲೆ ಮಗಳು ಯಾರೊಂದಿಗೋ ಮಾತಾಡುತ್ತಿದ್ದಳು. ಕೇಳುತ್ತಿದ್ದ ದನಿ ಹೆಂಗಸಿನದು, ನೀರು ಕಾಣದ ಗಂಟಲಿನದು. ಅದು ಆ ಹಳೇ ಹೆಸರು ಹೇಳಿ, ಇದೇ ಬೀದೀನಾ ಮಗಾ, ಅಂತ ಕೇಳಿತು.

"ಹೂಂ," ಎಂದಳು ಸೌಂದರ್ಯ. "ನಮ್ಮಮ್ಮನೇ ಬರ್ದಿದ್ದು."

"ನಿನ್ನ ಹೆಸರೇನವ್ವಾ?"

"ಸೌಂದರ್ಯ."

ರಶ್ಮಿತಾ ಓಡಿ ಹೊರಗೆ ಬಂದಳು. ಯಾರೂ ಇರಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದ, ಕಂಬಕ್ಕೂ ನೆರಳಿರಲಿಲ್ಲ. ಆದರೆ ಜಗಲಿಯ ಮುಂದೆ ಬಿಳಿ ಮಣ್ಣಿನ ಮೇಲೆ ಉದ್ದನೆಯ ನೆರಳೊಂದು ಬಾಗಿ ಮಗುವಿನ ಮುಖ ನೋಡುತ್ತಿತ್ತು. ನೆರಳಿನ ಕಂಕುಳಲ್ಲಿ ಒಂದು ಪುಟ್ಟ ಗಂಟು.

ಮಗುವನ್ನು ಬಾಚಿಕೊಂಡು ಒಳಗೆ ನುಗ್ಗಿದಳು. ಅಗುಳಿ ಹಾಕಿದಳು. ಮಗುವಿನ ಮೈ ಬಾಣಲೆಯ ಹಾಗೆ ಕಾದಿತ್ತು. ಕಣ್ಣಲ್ಲಿ ಬಿಳಿ ಮಾತ್ರ ಕಾಣುತ್ತಿತ್ತು. ಯರ್ರಮ್ಮ ಇಬ್ಬರನ್ನೂ ಎಳೆದುಕೊಂಡು ಹೋಗಿ, ನೇಯುವವರು ಕಾಲು ಇಳಿಬಿಡುವ ಮಗ್ಗದ ಗುಂಡಿಗೆ ಇಳಿಸಿದಳು. ಅಲ್ಲಿ ಕತ್ತಲು, ಗಂಜಿಯ ಹುಳಿ ವಾಸನೆ. ಮೇಲೆ ಓಣಿಯಲ್ಲಿ ಹೆಜ್ಜೆ ಸಪ್ಪಳ. ಮಗು ನೆಲದಡಿ ಸೇರಿದ್ದಕ್ಕೆ ಅದು ಗುರುತು ತಪ್ಪಿ ಮನೆಮನೆ ಹುಡುಕುತ್ತಿತ್ತು. ಒಂದು ಬಾಗಿಲು ತಟ್ಟಿತು. ಸೌಂದರ್ಯಾ, ಅಂತ ಕರೆಯಿತು. ಮಗುವಿನ ಉಸಿರು ಒಂದು ಗುಟುಕು ತಗ್ಗಿತು. ಮುಂದಿನ ಬಾಗಿಲು. ಸೌಂದರ್ಯಾ. ಉಸಿರು ಇನ್ನೂ ತಗ್ಗಿತು.

"ಆಸ್ಪತ್ರೆಗೆ ಹೋಗ್ತೀನಿ, ಬಿಡಿ," ಎಂದು ರಶ್ಮಿತಾ ಒದ್ದಾಡಿದಳು.

"ಓಣಿ ದಾಟೋದ್ರಾಗೆ ಸಾಯ್ತತೆ," ಎಂದಳು ಯರ್ರಮ್ಮ.

ಹಿತ್ತಲ ಬಾಗಿಲು. ತಿಪ್ಪೆ. ಸಗಣಿ, ಬೂದಿ, ಕೊಳೆತ ಸೊಪ್ಪು. ಮುದುಕಿ ಮಗುವಿನ ಗೆಜ್ಜೆ ಕಿತ್ತಳು, ಹೂವಿನ ಫ್ರಾಕು ಹರಿದಳು, ಬತ್ತಲೆ ಮಾಡಿ ತಿಪ್ಪೆಯಲ್ಲಿ ಹೊರಳಿಸಿದಳು. ಮೂಗು, ಬಾಯಿ, ಕೂದಲು ಎಲ್ಲ ಸಗಣಿ. ಮೊರದ ತುಂಬ ತೌಡು ತಂದು ರಶ್ಮಿತಾಳ ಕೈಗೆ ತುರುಕಿದಳು.

"ಮಾರಿದೆ ಅನ್ನು."

ರಶ್ಮಿತಾಳ ನಾಲಿಗೆ ಏಳಲಿಲ್ಲ. ಅಯ್ಯೋ, ಯಾವ ತಾಯಿಗೆ ತಾನೇ ಏಳೀತು. ಪಕ್ಕದ ಮನೆಯ ಬಾಗಿಲು ತಟ್ಟಿತು. ಸೌಂದರ್ಯಾ. ಮಗುವಿನ ಎದೆ ನಿಂತಿತು. ನಿಂತೇಬಿಟ್ಟಿತು.

"ಮಾರಿದೆ," ಎಂದಳು.

ಮಗು ಬಿಕ್ಕಿತು. ಉಸಿರು ಬಂತು.

ಸುಟ್ಟ ನಾತ ಹಿತ್ತಲಿಗೇ ಬಂದು ನಿಂತಿತು. ರಶ್ಮಿತಾಳ ಕತ್ತಿನ ಹಿಂದೆ, ಕೂದಲಿಗೆ ತಾಗುವಷ್ಟು ಹತ್ತಿರದಲ್ಲಿ, ಆ ಒಣ ದನಿ.

"ಈ ಕೂಸು ನಿಂದಾ?"

ಯರ್ರಮ್ಮನ ಕಂಕುಳಿಂದ ಮಗು ಕಣ್ಣು ಬಿಟ್ಟಿತು. ಸಗಣಿ ಮೆತ್ತಿದ ಎರಡೂ ಕೈ ಚಾಚಿ, ಅಮ್ಮಾ, ಎಂದಿತು. ರಶ್ಮಿತಾಳ ಕೈ ತಾನಾಗಿ ಮುಂದಕ್ಕೆ ಹೋಗುವುದರಲ್ಲಿತ್ತು. ಅವಳು ಮೊರವನ್ನು ಎದೆಗೆ ಅವುಚಿಕೊಂಡಳು.

"ನಂದಲ್ಲ."

"ನಿನ್ ಕೂಸೆಲ್ಲಿ?"

"ನಂಗೆ ಮಕ್ಕಳಿಲ್ಲ."

ನಾತ ಬಹಳ ಹೊತ್ತು ಅಲ್ಲೇ ನಿಂತಿತ್ತು. ಮಗು ಅಳುತ್ತಲೇ ಇತ್ತು, ಅಮ್ಮಾ ಅಮ್ಮಾ ಎಂದು. ಯರ್ರಮ್ಮ ಅದರ ಬಾಯಿ ಮುಚ್ಚಿ, ಸುಮ್ನಿರೇ ತಿಪ್ಪಿ, ನಿಮ್ಮವ್ವ ನಾ ಇಲ್ಲೇ ಇದೀನಲ್ಲ, ಎಂದು ತಟ್ಟಿದಳು. ಆಮೇಲೆ ಎಲ್ಲೋ ಒಂದು ಮಗ್ಗ ಲಟಕ್ ಎಂದಿತು.

ಬೋರ್ಡು ಕಿತ್ತು ಒಲೆಗೆ ಹಾಕಿದರು. ಅದರಿಂದ ಏನೂ ಆಗಲಿಲ್ಲ, ಆ ನೆರಳಿಗೀಗ ಓಣಿಯೂ ಗೊತ್ತು, ಮಗುವಿನ ಹೆಸರೂ ಗೊತ್ತು. ತೌಡು ವಾಪಸ್ ಕೊಟ್ಟು ಮಗಳನ್ನು ಯಾವಾಗ ಬಿಡಿಸಿಕೊಳ್ಳಲಿ ಎಂದು ರಶ್ಮಿತಾ ಕಾಲು ಹಿಡಿದು ಕೇಳಿದಳು. ಅದು ನಿನ್ನ ಬೆನ್ನು ಬಿಟ್ಟ ಮೇಲೆ ಎಂದಳು ಯರ್ರಮ್ಮ. ಬಿಟ್ಟದ್ದು ಹೇಗೆ ತಿಳಿಯುವುದು ಎಂದದ್ದಕ್ಕೆ ಮುದುಕಿ ಅತ್ತಳು. ನೀನು ಇಲ್ಲಿದ್ದರೆ ಕೂಸು ನಿನ್ನನ್ನೇ ಕರೆಯುತ್ತದೆ, ಹೊರಡು ಎಂದಳು.

ಚಳ್ಳಕೆರೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಅಲ್ಲೇ ಪಕ್ಕದ ಹಾನಗಲ್ ಹಳ್ಳಿ ದಾಟುವಾಗ ಪಕ್ಕದಲ್ಲಿ ಬಂದು ಕೂತ ಹೆಂಗಸು ಎಲೆಅಡಿಕೆ ಮಡಚುತ್ತಾ, ನಮ್ಮ ಕಡೆ ಬಸ್ಸಿನಲ್ಲಿ ಯಾರನ್ನಾದರೂ ಮೊದಲು ಕೇಳುವುದನ್ನೇ ಕೇಳಿದಳು.

"ಮಕ್ಳೆಷ್ಟವ್ವಾ?"

ರಶ್ಮಿತಾ ಅವಳತ್ತ ತಿರುಗಿ ಉಸಿರೆಳೆದು ನೋಡಿದಳು. ಸುಣ್ಣದ ವಾಸನೆ, ಪೌಡರಿನ ವಾಸನೆ, ಅಷ್ಟೇ. ಆದರೂ ಹೇಗೆ ನಂಬುವುದು.

"ಇಲ್ಲ ಕಣ್ರೀ," ಎಂದಳು. "ನಂಗೆ ಆಗ್ಲೇ ಇಲ್ಲ."