ಕುರಿಯ ಕಿವಿ ತಿಂದ ಜನರಲ್

"ಅದರ ಮೂತಿ ನನ್ನ ಕಡೆ ತಿರುಗಿಸಬೇಡಿ. ನಾನು ಅದನ್ನ ಮುಟ್ಟೋ ಹಾಗಿಲ್ಲ," ಎಂದರು ಜನರಲ್ ಕೆಂಜೆತಾಯ್.

ಶಾಲೆಯ ಹಾಲ್‌ನಲ್ಲಿ ಅವರ ಸನ್ಮಾನದ ಊಟ. ಹೊಸ ಹೆಡ್‌ಮಾಸ್ಟರ್ ಹಿಡಿದಿದ್ದ ತಟ್ಟೆ ಗಾಳಿಯಲ್ಲೇ ನಿಂತಿತು. ತಟ್ಟೆಯಲ್ಲಿ ಬೇಯಿಸಿದ ಕುರಿತಲೆ, ಹಬೆಯಾಡುತ್ತ, ಜನರಲ್ಲರನ್ನೇ ನೋಡುತ್ತಿತ್ತು.

"ಯಾಕೆ ಸರ್? ಸರಿಯಾಗಿ ಬೆಂದಿಲ್ವಾ?"

"ಬೆಂದಿದೆ. ಆದರೆ ನಮ್ಮಪ್ಪ ಇನ್ನೂ ಬದುಕಿದ್ದಾರೆ."

ಹೆಡ್‌ಮಾಸ್ಟರ್ ನಾಲಿಗೆ ಕಚ್ಚಿಕೊಂಡರು. ಅಪ್ಪ ಬದುಕಿರುವವರು ಊಟಕ್ಕಿಟ್ಟ ಕುರಿತಲೆಯನ್ನು ಕೊಯ್ದು ಹಂಚಬಾರದು ಎಂಬುದು ಕಜಾಕರ ಮನೆಯ ಕೂಸಿಗೂ ಗೊತ್ತು. ಆದರೆ ತಲೆ ನೆರೆತು, ವಾಯುಸೇನೆಯಿಂದ ನಿವೃತ್ತರಾಗಿ, ಎದೆ ತುಂಬ ಪದಕ ತೂಗುಹಾಕಿಕೊಂಡವರಿಗೂ ಅಪ್ಪ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಈಗ ಆ ಅಪ್ಪನೇ ಬಂದು ತಲೆ ಕೊಯ್ಯದೆ ಬೇರೆ ಯಾರೂ ಊಟಕ್ಕೆ ಕೈಹಾಕುವಂತಿಲ್ಲ.

ವೇದಿಕೆಯ ಪಕ್ಕದಲ್ಲಿ ನಿಂತಿದ್ದ ತೋಗ್‌ಜಾನ್ ಶೂ ನೋಡತೊಡಗಿದಳು. ಜನರಲ್ ಅವಳ ಅಜ್ಜ. ಅಜ್ಜ ಲೆಫ್ಟಿನೆಂಟ್ ಆಗಿ ಸೇರಿದ್ದರಿಂದ ಹಿಡಿದು ಜನರಲ್ ಆಗುವವರೆಗಿನ ಕತೆಯನ್ನು ಊಟಕ್ಕೆ ಮೊದಲು ಅವಳೇ ಹೇಳಬೇಕಿತ್ತು. ಹಲ್ಲುಜ್ಜುವಾಗಲೂ ಬಾಯಿಪಾಠ ಮಾಡಿ, ಕನ್ನಡಿಗೆಲ್ಲ ಪೇಸ್ಟ್ ಉಗುಳಿದ್ದಳು.

"ಮನೆಯಿಂದ ಯಾರ್‍ಯಾರನ್ನ ಕರೀಬೇಕು?" ಎಂದು ಟೀಚರ್ ಕೇಳಿದಾಗ ಎಲ್ಲರ ಹೆಸರೂ ಹೇಳಿದ್ದಳು. ಮುತ್ತಜ್ಜನದು ಮಾತ್ರ ನುಂಗಿದ್ದಳು.

"ಕರ್ಸೇ ನಿಮ್ಮ ಮುತ್ತಜ್ಜನ್ನ. ನನ್ನ ಹೊಟ್ಟೆ ಕುದುರೆ ಥರ ಕೆನೀತಿದೆ," ಎಂದ ಪಕ್ಕದ ಬೆಂಚಿನಲ್ಲಿದ್ದ ಸಹಪಾಠಿ ಮಿರಾಸ್.

"ಅವರು ಬಂದ್ರೆ ಒಂಟೆ ಕತೆ ತೆಗೀತಾರೆ ಕಣೋ. ನನ್ನ ಸ್ಪೀಚ್ ಢಮಾರ್."

ಅಷ್ಟರಲ್ಲಿ ಹೆಡ್‌ಮಾಸ್ಟರ್ ಕಾರು ಕಳಿಸಿಯಾಗಿತ್ತು.

ಮುತ್ತಜ್ಜ ಒಮಾರ್‌ಬೆಕ್ ಬಂದರು. ಅವರಿಗಿಂತ ಮುಂಚೆ ಕುದುರೆಲಾಯದ ವಾಸನೆ ಬಂತು. ಇಡೀ ಹಾಲ್ ಎದ್ದು ನಿಂತಿತು. ಎಲ್ಲರಿಗಿಂತ ಮೊದಲು ಎದ್ದವರು ಜನರಲ್.

ಮುತ್ತಜ್ಜ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಏನೋ ಕೆಂಜೆ, ಒಂಟೆ ಸಿಕ್ತಾ?"

"ಇನ್ನೂ ಇಲ್ಲ, ಅಪ್ಪ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ತೋಗ್‌ಜಾನ್ ಕಣ್ಣು ಮುಚ್ಚಿಕೊಂಡಳು.

"ಚಿಕ್ಕವನಿದ್ದಾಗ ಇವನನ್ನ ಒಂಟೆ ಹುಡುಕ್ಕೊಂಡು ಬಾ ಅಂತ ಕಳಿಸ್ದೆ," ಎಂದು ಮುತ್ತಜ್ಜ ಸಭೆಗೆಲ್ಲ ಹೇಳಿದರು. "ಇವನು ಲಾರಿ ಹತ್ತಿ ಸಿಟಿಗೆ ಹೋಗಿ ವಿಮಾನದ ಸ್ಕೂಲು ಸೇರ್‍ಕೊಂಡ. ಕ್ಯಾಪ್ಟನ್ ಆಗಿ ಬಂದ. ಒಂಟೆ ಎಲ್ಲೋ ಅಂದೆ. ಮೇಲಿಂದ ಹುಡುಕ್ತಿದೀನಿ ಅಪ್ಪ ಅಂದ. ಕರ್ನಲ್ ಆಗಿ ಬಂದ. ಮತ್ತೆ ಕೇಳ್ದೆ. ಇನ್ನೂ ಎತ್ತರಕ್ಕೆ ಹೋಗಿ ನೋಡ್ತೀನಿ ಅಂದ. ನೀವೇ ಹೇಳಿ, ಮೋಡದ ಮೇಲೆ ಒಂಟೆ ಮೇಯುತ್ತಾ?"

ಹಾಲ್ ಗೊಳ್ಳೆಂದಿತು. ಹೆಡ್‌ಮಾಸ್ಟರ್ ನಗು ತಡೆಯಲು ಟೈ ಬಾಯಿಗಿಟ್ಟುಕೊಂಡರು.

"ಒಂಟೆ ಆವತ್ತು ಸಂಜೆನೇ ತಾನಾಗಿ ಬಂತು," ಎಂದರು ಮುತ್ತಜ್ಜ, ಸ್ವಲ್ಪ ಮೆಲ್ಲಗೆ. "ಬರದೇ ಇದ್ದೋನು ಇವನು."

ಜನರಲ್ ಅಪ್ಪನ ಮುಂದೆ ಬಂದರು. ಬಿಸಿನೀರಿನ ಹೂಜಿ ಎತ್ತಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು, ಅಪ್ಪನ ಕೈಗೆ ನೀರು ಸುರಿದರು. ಬಗ್ಗಿದಾಗ ಪದಕಗಳು ಬೋಗುಣಿಗೆ ಟಿಣ್ ಟಿಣ್ ಬಡಿದವು.

"ಮೆಲ್ಲಗೆ ಸುರಿಯೋ. ವಿಮಾನ ತೊಳೀತಿದೀಯಾ?"

"ಆಯ್ತು ಅಪ್ಪ."

ಮುತ್ತಜ್ಜ ಚಾಕು ತೆಗೆದುಕೊಂಡರು. ಮೊದಲು ಕಿವಿ ಕೊಯ್ದರು. ಕಿವಿ ಯಾವಾಗಲೂ ಮನೆಯ ಮಗುವಿಗೆ, ದೊಡ್ಡವರ ಮಾತು ಕೇಳಲಿ ಎಂದು. ಅದು ತನಗೇ ಎಂದು ತೋಗ್‌ಜಾನ್ ಕೈ ಚಾಚಿದಳು. ಕಿವಿ ಅವಳ ಮೂಗಿನ ಮುಂದೆಯೇ ಹಾದು ಜನರಲ್ಲರ ಬಾಯಿಯ ಹತ್ತಿರ ನಿಂತಿತು.

"ಆ ಅನ್ನು."

ಜನರಲ್ ಬಾಯಿ ತೆರೆದರು. ಕರುಂ ಕರುಂ ಎಂದು ಅಗಿಯತೊಡಗಿದರು.

ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಿರಾಸ್ ಬೆಂಚಿನಿಂದ ಜಾರಿಯೇ ಹೋದ. ಇಂಥ ಸಭೆಯಲ್ಲಿ ಇನ್ನು ಯಾವ ಸ್ಪೀಚ್ ಎಂದುಕೊಂಡು ತೋಗ್‌ಜಾನ್ ಹಿಂದಕ್ಕೆ ಸರಿದಳು.

"ನಿಲ್ಲೇ ಮರಿ," ಎಂದರು ಮುತ್ತಜ್ಜ. "ಇವನ ಬಗ್ಗೆ ಏನೋ ಹೇಳ್ತೀಯಂತಲ್ಲ, ಕಾರಿನವನು ಅಂದ. ಹೇಳು. ಅಲ್ಲಿ ಹೋಗಿ ಇಷ್ಟು ವರ್ಷ ಏನು ಮಾಡ್ದ ಅಂತ ನನಗೂ ಯಾರೂ ಸರಿಯಾಗಿ ಹೇಳಿಲ್ಲ."

"ನೀವು ಕೇಳಲೇ ಇಲ್ವಾ, ಮುತ್ತಜ್ಜ?"

"ಒಂಟೆ ವಿಷಯ ಕೇಳ್ತಿದ್ನಲ್ಲ."

ತೋಗ್‌ಜಾನ್ ಅಜ್ಜನ ಕಡೆ ನೋಡಿದಳು. ಅಜ್ಜ ಅಗಿಯುವುದನ್ನು ನಿಲ್ಲಿಸಿದ್ದರು. ಒಂದು ಕೆನ್ನೆ ಇನ್ನೂ ಉಬ್ಬಿತ್ತು. ಮಂಡಿ ಜೋಡಿಸಿ, ಅದರ ಮೇಲೆ ಕೈಯಿಟ್ಟು ಕೂತಿದ್ದರು. ಪರೀಕ್ಷೆಯ ಮಾರ್ಕ್ಸ್ ಓದಿಹೇಳುವ ದಿನ ಅವಳ ಕ್ಲಾಸಿನವರು ಹೀಗೇ ಕೂರುತ್ತಾರೆ. ಅಜ್ಜನ ಕಣ್ಣು ಸಭೆಯ ಮೇಲಿರಲಿಲ್ಲ. ಹೆಡ್‌ಮಾಸ್ಟರ್ ಮೇಲೂ ಇರಲಿಲ್ಲ, ಅಪ್ಪನ ಮೇಲಿತ್ತು.

"ಜೋರಾಗಿ ಹೇಳೇ, ಹಿಂದೆ ಕೇಳ್ಬೇಕು," ಎಂದ ಮಿರಾಸ್ ನೆಲದಿಂದಲೇ.

ತೋಗ್‌ಜಾನ್ ಅವನ ಮಾತು ಕೇಳಲಿಲ್ಲ. ಸಭೆಗೆ ಬೆನ್ನು ಮಾಡಿ, ಮುತ್ತಜ್ಜನ ಕಿವಿಯ ಬಳಿ ಬಗ್ಗಿ, ಲೆಫ್ಟಿನೆಂಟ್‌ನಿಂದ ನಿಧಾನವಾಗಿ ಶುರುಮಾಡಿದಳು.

"ಹೂಂ," ಎಂದರು ಮುತ್ತಜ್ಜ. "ಆಮೇಲೆ?"